ಹಸಿದ ಬೇರು, ಕಾದು ಕುಳಿತ ಬೀಜ

ಪಕ್ಕದ ಗಿಡದ ಬೇರಿಗೋ ಕಾಂಡಕ್ಕೋ ಕಚ್ಚಿಕೊಂಡು, ಅದು ದುಡಿದು ಕೂಡಿಟ್ಟ ನೀರು, ಲವಣ ಮತ್ತು ಸಕ್ಕರೆಯನ್ನು ಹೀರಿ ಬದುಕುವ ಗಿಡಗಳನ್ನು ಪರಾವಲಂಬಿ ಸಸ್ಯಗಳೆನ್ನುತ್ತಾರೆ. ಇವು ಬೆಳೆಯ ಮೇಲೆ ಬಿದ್ದಾಗ ಪರಾವಲಂಬಿ ಕಳೆಗಳಾಗುತ್ತವೆ. ಕನ್ನಡ ನಾಡಿನ ರೈತರಿಗೆ ಇವುಗಳ ಪರಿಚಯ ಹಳೆಯದು. ಮಾವಿನ ಕೊಂಬೆಯಲ್ಲಿ ಬೇರೂರುವ ಬಂದಳಿಕೆ, ಬೇಲಿಯನ್ನೂ ಬೆಳೆಯನ್ನೂ ಹಳದಿ ನೂಲಿನಂತೆ ಸುತ್ತಿಕೊಳ್ಳುವ ಎಲೆಯಿಲ್ಲದ ಬಳ್ಳಿ, ನಿಪ್ಪಾಣಿ ಸೀಮೆಯ ತಂಬಾಕಿನ ಬುಡದಲ್ಲಿ ಮಣ್ಣನ್ನು ಸೀಳಿ ಏಳುವ ಬೆಂಕಿಗಿಡ, ಜೋಳ ಮತ್ತು ಕಬ್ಬಿನ ಸಾಲಿನಲ್ಲಿ ಪುಟ್ಟ ಬಿಳಿ ಹೂ ಬಿಡುವ ಸ್ಟ್ರೈಗಾ ಇವೆಲ್ಲ ಈ ಗುಂಪಿಗೇ ಸೇರುತ್ತವೆ. ಸಾಮಾನ್ಯ ಕಳೆಯು ಬೆಳೆಯ ಜೊತೆಗೆ ನಿಂತು ಬೆಳಕು, ನೀರು, ಗೊಬ್ಬರಕ್ಕಾಗಿ ಪೈಪೋಟಿ ನಡೆಸಿದರೆ, ಪರಾವಲಂಬಿ ಕಳೆ ಬೆಳೆಯ ಒಳಗೇ ಹೊಕ್ಕು, ಅದರ ನಾಳಗಳನ್ನು ತನ್ನ ನಾಳಗಳಿಗೆ ಜೋಡಿಸಿಕೊಂಡುಬಿಡುತ್ತದೆ. ಇಂಥ ಕಳೆ ಎಲ್ಲಿ ಹಬ್ಬುತ್ತದೆ, ಎಲ್ಲಿ ಹಬ್ಬುವುದಿಲ್ಲ ಎಂಬ ಪ್ರಶ್ನೆಗೆ ಬಿಸಿಲು ಮಳೆಗಳ ಲೆಕ್ಕವೊಂದೇ ಉತ್ತರವಾಗಲಾರದು. ಹವಾಮಾನವು ಕಳೆಯ ಬೀಜಕ್ಕೆ ಬದುಕುವ ಎಡೆಯನ್ನು ಗುರುತು ಮಾಡಿಕೊಟ್ಟರೆ, ಆ ಎಡೆಯಲ್ಲಿ ಬೀಜವು ಮೊಳೆತು ಬೆಳೆಯನ್ನು ತಿನ್ನುವಂತೆ ಮಾಡುವುದು ಮನುಷ್ಯ ಆ ನೆಲವನ್ನು ದುಡಿಸಿಕೊಳ್ಳುವ ರೀತಿ.

ಈ ಮಾತನ್ನು ಪರೀಕ್ಷಿಸಿ ನೋಡಲು ಸ್ಟ್ರೈಗಾಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಮಾಟಗಾತಿ ಎಂದೇ ಅರ್ಥ. ಅದರ ಜಾತಿಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು, ಆಫ್ರಿಕಾದಲ್ಲಿ ನೇರಳೆ ಮಿಶ್ರಿತ ಗುಲಾಬಿ ಹೂಗಳಿಂದ ಹೊಲವನ್ನೇ ತುಂಬುವ ಸ್ಟ್ರೈಗಾ ಹರ್ಮೋಂಥಿಕಾ. ಸುಡಾನ್ ಮತ್ತು ಇಥಿಯೋಪಿಯಾದ ನಡುವಿನ ಸೀಮೆಯನ್ನು ಅದರ ತವರೆಂದು ಭಾವಿಸಲಾಗಿದೆ, ಮತ್ತು ಜೋಳವನ್ನು ಮನುಷ್ಯ ಮೊದಲು ಪಳಗಿಸಿದ್ದೂ ಹೆಚ್ಚು ಕಡಿಮೆ ಅದೇ ಭಾಗದಲ್ಲಿ. ಅನ್ನವೂ ಅದನ್ನು ಕದಿಯುವ ಗಿಡವೂ ಒಂದೇ ನೆಲದಲ್ಲಿ ಜೊತೆಯಾಗಿ ಬೆಳೆದು ಬಂದವು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಬಿಳಿ ಹೂವಿನ ಸ್ಟ್ರೈಗಾ ಏಷಿಯಾಟಿಕಾ. ಅದೇ ಜಾತಿ ಆಫ್ರಿಕಾದಲ್ಲಿ ಹೆಚ್ಚಾಗಿ ಕೆಂಪು ಹೂ ಬಿಡುತ್ತದೆ.

ಸ್ಟ್ರೈಗಾದ ಒಂದು ಬೀಜ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಉದ್ದವಿಲ್ಲ. ಅಂಗೈಯ ಗೆರೆಯೊಳಗೆ ಸಿಕ್ಕಿದರೆ ಕಂದು ಬಣ್ಣದ ಧೂಳೆಂದೇ ತೋರುವ ಈ ಬೀಜಗಳು ಒಂದು ಗ್ರಾಂ ತೂಗಬೇಕಾದರೆ ಒಂದು ಲಕ್ಷಕ್ಕೂ ಹೆಚ್ಚು ಬೇಕು, ಆದರೆ ಚೆನ್ನಾಗಿ ಬೆಳೆದ ಒಂದೇ ಗಿಡ ಹತ್ತಾರು ಸಾವಿರ ಬೀಜಗಳನ್ನು ಉದುರಿಸುತ್ತದೆ, ಮತ್ತು ಉದುರಿದ ಬೀಜ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದುಕೊಂಡಿರಬಲ್ಲದು. ಇಷ್ಟು ಸಣ್ಣ ಬೀಜದಲ್ಲಿ ಕೂಡಿಟ್ಟ ಬುತ್ತಿ ಬಹಳ ಕಡಿಮೆ. ಮೊಳೆತ ಮೇಲೆ ನಾಲ್ಕೈದು ದಿನಗಳೊಳಗೆ, ಕೆಲವೇ ಮಿಲಿಮೀಟರ್ ದೂರದಲ್ಲಿ, ಹಿಡಿದುಕೊಳ್ಳಲು ಒಂದು ಬೇರು ಸಿಗದಿದ್ದರೆ ಮೊಳಕೆ ಸತ್ತುಹೋಗುತ್ತದೆ. ಆದ್ದರಿಂದ ಅದು ಅವಸರಪಡುವುದಿಲ್ಲ. ಮೊದಲು ಒಂದೆರಡು ವಾರ ಬೆಚ್ಚಗಿನ, ತೇವವಿರುವ ಮಣ್ಣಿನಲ್ಲಿ ನೆನೆದು ಸಿದ್ಧವಾಗುತ್ತದೆ. ಸಿದ್ಧವಾದ ಮೇಲೂ ಮೊಳೆಯದೆ, ಹತ್ತಿರದಲ್ಲಿ ಜೀವಂತ ಬೇರಿದೆ ಎಂಬ ರಾಸಾಯನಿಕ ಸುಳಿವಿಗಾಗಿ ಕಾಯುತ್ತದೆ. ಸುಳಿವು ಸಿಕ್ಕೊಡನೆ ಹೊರಬಂದ ಮೊಳಕೆಯು ಬೇರಿನ ಮೈಗೆ ತಾಗಿ, ತುದಿಯನ್ನು ಗಂಟಿನಂತೆ ಉಬ್ಬಿಸಿಕೊಂಡು, ತೊಗಟೆಯ ಕೋಶಗಳ ನಡುವೆ ದಾರಿ ಮಾಡಿ ಬೇರಿನ ನಡುವಿನ ನೀರ್ನಾಳವನ್ನು ಮುಟ್ಟುತ್ತದೆ. ಸಸ್ಯಶಾಸ್ತ್ರದಲ್ಲಿ ಹಾಸ್ಟೋರಿಯಂ ಎಂದು ಹೆಸರಿರುವ ಈ ಅಂಗವನ್ನು ಹೀರುಬೇರು ಎಂದರೆ ತಪ್ಪಾಗದು. ಮುಂದಿನ ಕೆಲವು ವಾರಗಳ ಕಾಲ ಕಳೆಯು ನೆಲದೊಳಗೇ ಇರುತ್ತದೆ. ಮೇಲೆ ನಿಂತ ಜೋಳದ ಪೈರು ಮಾತ್ರ, ಮಣ್ಣಿನಲ್ಲಿ ತೇವವಿದ್ದರೂ ಬರ ಬಡಿದಂತೆ ಎಲೆ ಸುರುಟಿಕೊಂಡು, ಬೆಳವಣಿಗೆ ನಿಲ್ಲಿಸಿ, ಹಳದಿಗೆ ತಿರುಗುತ್ತದೆ. ಮಾಟಗಾತಿ ಎಂಬ ಹೆಸರು ಹುಟ್ಟಿದ್ದು ಇಲ್ಲಿಂದಲೇ. ಕಳೆ ಕಣ್ಣಿಗೆ ಬೀಳುವ ಹೊತ್ತಿಗೆ ಹಾನಿಯ ಬಹುಪಾಲು ಮುಗಿದಿರುತ್ತದೆ. ಹೊರಬಂದ ಮೇಲೆ ಎಲೆಯ ರಂಧ್ರಗಳನ್ನು ತೆರೆದೇ ಇಟ್ಟುಕೊಂಡು, ಆಶ್ರಯ ಕೊಟ್ಟ ಪೈರಿಗಿಂತ ವೇಗವಾಗಿ ನೀರನ್ನು ಆವಿಯಾಗಿಸುತ್ತ ಅದು ಪೈರಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಲೇ ಇರುತ್ತದೆ.

ಬೀಜವು ಕಾಯುವ ಆ ಸುಳಿವು ಯಾವುದು ಎಂಬುದನ್ನು ತಿಳಿಯಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. 1966ರಲ್ಲಿ ಅಮೆರಿಕದ ಸಂಶೋಧಕರು ಹತ್ತಿಯ ಬೇರು ಹೊರಸೂಸುವ ದ್ರವದಿಂದ ಸ್ಟ್ರೈಗಾ ಬೀಜವನ್ನು ಮೊಳೆಸುವ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ಸ್ಟ್ರೈಗಾ ಹತ್ತಿಯ ಮೇಲೆ ಬೆಳೆಯಲಾರದು; ಆದರೂ ಹತ್ತಿಯ ಬೇರು ಅದನ್ನು ಎಬ್ಬಿಸುತ್ತದೆ, ಮತ್ತು ಎದ್ದ ಮೊಳಕೆ ಹಿಡಿತ ಸಿಗದೆ ಸಾಯುತ್ತದೆ. ಅನಂತರ ಅನೇಕ ಬೆಳೆಗಳಲ್ಲಿ ಇದೇ ಬಗೆಯ ವಸ್ತುಗಳು ಪತ್ತೆಯಾಗಿ ಅವುಗಳ ಇಡೀ ಗುಂಪಿಗೆ ಸ್ಟ್ರೈಗೊಲ್ಯಾಕ್ಟೋನ್ ಎಂಬ ಹೆಸರು ನಿಂತಿತು. ಆದರೆ ತನ್ನನ್ನೇ ಕೊಲ್ಲುವ ಕಳೆಯನ್ನು ಕೂಗಿ ಕರೆಯುವ ರಸವನ್ನು ಗಿಡ ಏಕೆ ಸುರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2005ರಲ್ಲಿ, ಜಪಾನಿನ ವಿಜ್ಞಾನಿಗಳಿಂದ. ಬೇರುಗಳ ಜೊತೆ ಸಹಬಾಳ್ವೆ ನಡೆಸಿ, ಮಣ್ಣಿನ ಮೂಲೆಮೂಲೆಯಿಂದ ರಂಜಕವನ್ನು ಹೆಕ್ಕಿ ತಂದುಕೊಡುವ ಮೈಕೊರೈಜಾ ಎಂಬ ಶಿಲೀಂಧ್ರವೊಂದಿದೆ. ಸ್ಟ್ರೈಗೊಲ್ಯಾಕ್ಟೋನ್ ಆ ಶಿಲೀಂಧ್ರಕ್ಕೆ ಗಿಡವು ಕಳುಹಿಸುವ ಕರೆಯೋಲೆ. ರಸ ತಾಗಿದ ಕೂಡಲೇ ಶಿಲೀಂಧ್ರದ ಎಳೆಗಳು ಕವಲೊಡೆದು ಬೇರಿನತ್ತ ಬರುತ್ತವೆ. ಸ್ಟ್ರೈಗಾ ಮಾಡುವುದು ಆ ಕರೆಯನ್ನು ಕದ್ದು ಕೇಳುವ ಕೆಲಸ. 2008ರಲ್ಲಿ ಎರಡು ಸಂಶೋಧನಾ ತಂಡಗಳು ಇದೇ ವಸ್ತುಗಳು ಗಿಡದೊಳಗೆ ಕವಲುಗಳನ್ನು ಹತೋಟಿಯಲ್ಲಿಡುವ ಹಾರ್ಮೋನು ಕೂಡ ಹೌದು ಎಂದು ತೋರಿಸಿಕೊಟ್ಟವು.

ಈ ಶೋಧನೆಯಲ್ಲಿ ನೆಲದ ಬಳಕೆಗೆ ನೇರವಾಗಿ ಸಂಬಂಧಿಸಿದ ಒಂದು ಎಳೆ ಇದೆ. ಮಣ್ಣಿನಲ್ಲಿ ರಂಜಕ ಸಾಕಷ್ಟಿದ್ದಾಗ ಗಿಡ ಈ ರಸವನ್ನು ಅಷ್ಟಾಗಿ ಸುರಿಸುವುದಿಲ್ಲ. ರಂಜಕ ಕಡಿಮೆಯಾದಾಗ, ಜೋಳದಂಥ ಬೆಳೆಯಲ್ಲಿ ಸಾರಜನಕ ಕಡಿಮೆಯಾದಾಗಲೂ, ಸ್ರಾವ ಏರುತ್ತದೆ. ಎಂದರೆ ಸ್ಟ್ರೈಗಾ ಕೇಳಿಸಿಕೊಳ್ಳುವುದು ಹಸಿದ ಬೇರಿನ ಕೂಗನ್ನು. ನೆಲ ಸೊರಗಿದಷ್ಟೂ ಕೂಗು ಜೋರಾಗುತ್ತದೆ, ಜೋರಾದಷ್ಟೂ ಹೆಚ್ಚು ಬೀಜಗಳು ಏಳುತ್ತವೆ. ಸತ್ವ ಕಳೆದುಕೊಂಡ ಹೊಲದಲ್ಲೇ ಸ್ಟ್ರೈಗಾ ಹೆಚ್ಚು ಎಂಬುದನ್ನು ಆಫ್ರಿಕಾದ ರೈತರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆ ತಿಳಿವಳಿಕೆಯ ಹಿಂದಿನ ಕಾರಣ ಪ್ರಯೋಗಶಾಲೆಯಲ್ಲಿ ಬಯಲಾದದ್ದು ಮಾತ್ರ ಇತ್ತೀಚೆಗೆ.

ಸಹಾರಾ ಮರುಭೂಮಿಯ ದಕ್ಷಿಣದ ಹುಲ್ಲುಗಾವಲು ಸೀಮೆಗಳಲ್ಲಿ ಹಿಂದೆ ಒಂದು ಹೊಲವನ್ನು ಕೆಲವು ವರ್ಷ ಉತ್ತು, ಬೆಳೆ ಇಳಿದಾಗ ಬೀಳು ಬಿಟ್ಟು ಬೇರೆಡೆಗೆ ಹೋಗುವ ರೂಢಿಯಿತ್ತು. ಬೀಳುಬಿಟ್ಟ ವರ್ಷಗಳಲ್ಲಿ ಹುಲ್ಲು ಪೊದೆಗಳು ಬೆಳೆದು ಕೊಳೆತು ಮಣ್ಣಿಗೆ ಸತ್ವ ತುಂಬುತ್ತಿದ್ದವು, ಧಾನ್ಯದ ಬೇರುಗಳಿಲ್ಲದ ನೆಲದಲ್ಲಿ ಕಳೆಯ ಬೀಜಭಂಡಾರವೂ ನಿಧಾನವಾಗಿ ಕರಗುತ್ತಿತ್ತು. ಜನಸಂಖ್ಯೆ ಹೆಚ್ಚಿ, ಹಿಡುವಳಿಗಳು ಒಡೆದು, ಬೀಳಿನ ಅವಧಿ ಕುಗ್ಗಿ ಕೊನೆಗೆ ಇಲ್ಲವಾದಾಗ ಈ ಎರಡೂ ಕೆಲಸಗಳು ನಿಂತವು. ಕೀನ್ಯಾದ ಪಶ್ಚಿಮ ಭಾಗದಲ್ಲಿ, ವಿಕ್ಟೋರಿಯಾ ಸರೋವರದ ಸುತ್ತಲಿನ ದಟ್ಟ ಜನವಸತಿಯ ಸೀಮೆಯಲ್ಲಿ, ಈ ಬದಲಾವಣೆಯ ಪರಿಣಾಮ ಎದ್ದು ಕಾಣುತ್ತದೆ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲಗಳು, ಎರಡರಲ್ಲೂ ಬಹುತೇಕ ಮೆಕ್ಕೆಜೋಳವೇ ಬೆಳೆ. ಅಮೆರಿಕ ಖಂಡದಿಂದ ಬಂದ ಮೆಕ್ಕೆಜೋಳಕ್ಕೆ ಆಫ್ರಿಕಾದ ಈ ಕಳೆಯೊಂದಿಗೆ ಹೋರಾಡಿದ ಹಳೆಯ ಅನುಭವವಿಲ್ಲ. ಸಾವಿರಾರು ವರ್ಷ ಜೊತೆಗೆ ಬದುಕಿದ ಜೋಳ ಸಜ್ಜೆಗಳ ನಾಟಿ ತಳಿಗಳು ಎಷ್ಟೋ ಕಡೆ ಪೆಟ್ಟನ್ನು ತಾಳಿಕೊಂಡು ಒಂದಿಷ್ಟಾದರೂ ತೆನೆ ಕೊಡುವಾಗ ಮೆಕ್ಕೆಜೋಳ ಬೇಗ ಸೋಲುತ್ತದೆ. ಸ್ಥಳೀಯರು ಕಯೋಂಗೊ ಎಂದು ಕರೆಯುವ ಈ ಕಳೆ ತುಂಬಿದ ಹೊಲದಲ್ಲಿ ಇಡೀ ಬೆಳೆಯೇ ಕೈತಪ್ಪುವುದುಂಟು. ಗೊಬ್ಬರ ಕೊಳ್ಳಲಾಗದ ಕುಟುಂಬದ ನೆಲವೇ ಹೆಚ್ಚು ಹಸಿದಿರುವುದರಿಂದ ಪೆಟ್ಟು ಬೀಳುವುದೂ ಅದರ ಮೇಲೆಯೇ, ಮತ್ತು ಒಂದು ಹಂಗಾಮಿನ ನಷ್ಟವು ಮುಂದಿನ ಹಂಗಾಮಿನ ಗೊಬ್ಬರವನ್ನೂ ಕಸಿದುಕೊಳ್ಳುತ್ತದೆ.

ಹವಾಮಾನದ ಪಾತ್ರ ಇದಕ್ಕಿಂತ ಸಣ್ಣದಲ್ಲ, ಆದರೆ ಅದು ಕೆಲಸ ಮಾಡುವ ಬಗೆ ಬೇರೆ. ಸ್ಟ್ರೈಗಾದ ಬೀಜ ಸಿದ್ಧವಾಗಲು ಸುಮಾರು 25ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ತೇವದ ಮಣ್ಣು ಬೇಕು. ತಂಪು ಸೀಮೆಗಳಲ್ಲೂ ಎತ್ತರದ ಬೆಟ್ಟಸಾಲುಗಳಲ್ಲೂ ಅದು ನೆಲೆಯೂರದಿರಲು ಇದೊಂದು ಮುಖ್ಯ ಕಾರಣ. ಭೂಮಿ ಬಿಸಿಯಾದಂತೆ ಈ ತಂಪಿನ ಬೇಲಿ ಮೇಲಕ್ಕೂ ಧ್ರುವಗಳ ಕಡೆಗೂ ಸರಿಯಬಹುದು. ನೀರಿನ ವಿಚಾರ ಇನ್ನಷ್ಟು ಸೂಕ್ಷ್ಮವಾದದ್ದು. ಮಳೆ ತೀರ ಕಡಿಮೆಯಾದರೆ ಬೀಜ ನೆನೆಯುವುದಿಲ್ಲ. ಮಳೆ ಹೆಚ್ಚಾಗಿ ಮಣ್ಣು ಬಹುಕಾಲ ತೊಯ್ದು ನಿಂತರೆ, ಸಿದ್ಧವಾಗಿದ್ದ ಬೀಜ ಮತ್ತೆ ನಿದ್ದೆಗೆ ಜಾರುತ್ತದೆ. ಅದಕ್ಕೆ ಹೇಳಿ ಮಾಡಿಸಿದ ಹದವೆಂದರೆ ಮೊದಲು ಒಂದಿಷ್ಟು ಮಳೆ, ಬಳಿಕ ತಡೆತಡೆದು ಬರುವ ಒಣ ಅವಧಿಗಳು. ಅಂಥ ಹಂಗಾಮಿನಲ್ಲಿ ಮೊಳಕೆಯೂ ಚೆನ್ನಾಗಿ ಬರುತ್ತದೆ, ನೀರಿಲ್ಲದೆ ಬಳಲಿದ ಪೈರಿನ ಮೇಲೆ ಅದರ ಪೆಟ್ಟೂ ಇಮ್ಮಡಿಯಾಗುತ್ತದೆ. ಒಟ್ಟು ಮಳೆ ಬದಲಾಗದೆ ಅದರ ಹಂಚಿಕೆ ಮಾತ್ರ ಕೆಟ್ಟರೂ ಇದಕ್ಕೆ ಸಾಕು ಎಂಬುದು ಗಮನಿಸಬೇಕಾದ ಸಂಗತಿ.

ಟಾಂಜಾನಿಯಾದ ದಕ್ಷಿಣದಲ್ಲಿ, ಮಲಾವಿ ಸರೋವರದ ಉತ್ತರ ದಂಡೆಯ ಕ್ಯೇಲಾ ಎಂಬ ಭತ್ತದ ಸೀಮೆಯಲ್ಲಿ ಒಂದೇ ಇಳಿಜಾರಿನ ಮೇಲೆ ಎರಡು ಪರಾವಲಂಬಿ ಕಳೆಗಳನ್ನು ಕಾಣಬಹುದು. ನೀರು ಬಸಿದುಹೋಗುವ ಮೇಲ್ಭಾಗದ ಹೊಲಗಳಲ್ಲಿ ಸ್ಟ್ರೈಗಾ ಏಷಿಯಾಟಿಕಾ ಇದ್ದರೆ, ನೀರು ತಂಗುವ ತಗ್ಗಿನ ಗದ್ದೆಗಳಲ್ಲಿ ರಾಂಫಿಕಾರ್ಪಾ ಎಂಬ ಅದರ ಬಂಧುವಿದೆ. ಈ ಎರಡನೆಯದು ಆಶ್ರಯದಾತ ಗಿಡವಿಲ್ಲದೆಯೂ ಬದುಕಬಲ್ಲದು, ಆದರೆ ಭತ್ತದ ಬೇರು ಸಿಕ್ಕರೆ ಬಿಡುವುದಿಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಣ್ಣಿನ ತೇವವೇ ಇವೆರಡರ ನಡುವಿನ ಗಡಿಯೆಂದೂ ಒಂದೇ ಗದ್ದೆಯಲ್ಲಿ ಎರಡೂ ಕೂಡಿ ಬೆಳೆಯುವ ಸಾಧ್ಯತೆ ಕಡಿಮೆಯೆಂದೂ ಕಂಡುಕೊಂಡಿತು. ಇದರ ಅರ್ಥ ಸಮಾಧಾನ ತರುವಂಥದಲ್ಲ: ಮಳೆ ಹೆಚ್ಚಾದರೂ ಕಡಿಮೆಯಾದರೂ ಗಡಿ ಮೇಲಕ್ಕೋ ಕೆಳಕ್ಕೋ ಜರುಗುತ್ತದೆಯೇ ಹೊರತು ಭತ್ತ ಬೆಳೆಯುವವನಿಗೆ ಬಿಡುಗಡೆಯಿಲ್ಲ. ಮೇಲಿನ ಹೊಲಗಳು ಸೊರಗಿದಂತೆ ಭತ್ತ ತಗ್ಗುಗಳಿಗೆ ಇಳಿಯುತ್ತಿರುವುದರಿಂದ, ಹಿಂದೆ ಬರಿಯ ಜವುಗು ಹುಲ್ಲುಗಾವಲಿನ ಸಾಧು ಸಸ್ಯವಾಗಿದ್ದ ರಾಂಫಿಕಾರ್ಪಾ ಇಂದು ಬೆಳೆಯ ಕಳೆಯಾಗಿದೆ. ಆಫ್ರಿಕಾದಲ್ಲಿ ಮಳೆಯಾಶ್ರಿತ ಭತ್ತದ ಸುಮಾರು 13.4 ಲಕ್ಷ ಹೆಕ್ಟೇರ್ ನೆಲದಲ್ಲಿ ಒಂದಲ್ಲ ಒಂದು ಪರಾವಲಂಬಿ ಕಳೆಯಿದೆಯೆಂದು 2016ರ ಅಂದಾಜು ಹೇಳುತ್ತದೆ.

ಅನುಕೂಲವಾದ ಹವೆಯೊಂದಿದ್ದರೆ ಕಳೆ ಸಾಗರವನ್ನೂ ದಾಟಿ ನೆಲೆಯೂರುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 1956ರಲ್ಲಿ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ ರಾಜ್ಯಗಳ ಮೆಕ್ಕೆಜೋಳದ ಹೊಲಗಳಲ್ಲಿ ಸ್ಟ್ರೈಗಾ ಏಷಿಯಾಟಿಕಾ ಪತ್ತೆಯಾದಾಗ ಅಲ್ಲಿನ ಸರ್ಕಾರ ಆ ಸೀಮೆಗೆ ದಿಗ್ಬಂಧನ ಹಾಕಿ, ಯಂತ್ರ ಮತ್ತು ಧಾನ್ಯಗಳ ಸಾಗಾಟವನ್ನು ತಪಾಸಣೆಗೆ ಒಳಪಡಿಸಿ, ಮುಂದೆ ಎಥಿಲೀನ್ ಅನಿಲವನ್ನು ಮಣ್ಣಿನೊಳಗೆ ಹಾಯಿಸಿ ಬೇರಿಲ್ಲದ ನೆಲದಲ್ಲೇ ಬೀಜಗಳು ಮೊಳೆತು ಸಾಯುವಂತೆ ಮಾಡಿತು. ದಶಕಗಳ ದುಡಿಮೆಯ ಬಳಿಕ, ಒಟ್ಟು 4 ಲಕ್ಷಕ್ಕೂ ಮಿಕ್ಕಿದ ಎಕರೆಗಳಲ್ಲಿ ಹಬ್ಬಿದ್ದ ಕಳೆ ಬಹುತೇಕ ಅಳಿದಿದೆ. ಅಂಥ ಕೆಲಸಕ್ಕೆ ಬೇಕಾಗುವಷ್ಟು ಹಣ ಆಫ್ರಿಕಾದ ಸಣ್ಣ ರೈತನಿಗೂ ಇಲ್ಲ, ಅವನ ಸರ್ಕಾರಕ್ಕೂ ಇಲ್ಲ.

ಇಲ್ಲದವರ ಕೈಗೆಟಕುವ ಉಪಾಯಗಳು ಬಂದದ್ದು ಎರಡು ದಿಕ್ಕುಗಳಿಂದ. ಮೊದಲನೆಯದು ಬೇರಿನ ಕೂಗನ್ನೇ ತಗ್ಗಿಸುವ ದಾರಿ. ಇಥಿಯೋಪಿಯಾದಲ್ಲಿ ಹುಟ್ಟಿದ ತಳಿವಿಜ್ಞಾನಿ ಗೆಬಿಸಾ ಎಜೆಟಾ ಸ್ಟ್ರೈಗಾವನ್ನು ತಡೆಯುವ ಜೋಳದ ತಳಿಗಳಿಗಾಗಿ 2009ರ ವಿಶ್ವ ಆಹಾರ ಪ್ರಶಸ್ತಿ ಪಡೆದರು. ಅಂಥ ಕೆಲವು ತಳಿಗಳಲ್ಲಿ ಒಂದು ಜೀನಿನ ಬದಲಾವಣೆಯಿಂದಾಗಿ ಬೇರು ಸೂಸುವ ಸ್ಟ್ರೈಗೊಲ್ಯಾಕ್ಟೋನಿನ ರೂಪವೇ ಬೇರೆಯಾಗಿದ್ದು ಕಳೆಯ ಬೀಜಕ್ಕೆ ಅದು ಸರಿಯಾಗಿ ಕೇಳಿಸುವುದಿಲ್ಲ. ಭಾರತದ ದುರ್ರಾ ಜೋಳದ ಎನ್ 13 ಎಂಬ ತಳಿಯ ಉಪಾಯ ಬೇರೆ ಬಗೆಯದು: ಅದರ ಬೇರಿನ ಕೋಶಗಳ ಗೋಡೆ ದಪ್ಪವಾಗಿ ಹೀರುಬೇರನ್ನು ಒಳಗೆ ಬಿಡುವುದಿಲ್ಲ. ಇಲ್ಲಿನ ಆ ಗುಣವನ್ನು ಸುಡಾನಿನ ಜೋಳಗಳಿಗೆ ಕೂಡಿಸಲಾಗಿದೆ.

ಎರಡನೆಯ ದಾರಿ ನೆಲದ ಬಳಕೆಯನ್ನೇ ಬದಲಿಸುವುದು. ವಿಕ್ಟೋರಿಯಾ ಸರೋವರದ ದಂಡೆಯ ಎಂಬಿಟಾದಲ್ಲಿ, ಅಂತರರಾಷ್ಟ್ರೀಯ ಕೀಟ ಸಂಶೋಧನಾ ಸಂಸ್ಥೆಯಾದ ಐಸಿಪೆಯ ಜೆಯಾವುರ್ ಖಾನ್ ಮತ್ತು ಬ್ರಿಟನ್ನಿನ ರಾಥಮ್‌ಸ್ಟೆಡ್ ಕೇಂದ್ರದ ಜಾನ್ ಪಿಕೆಟ್ ಅವರ ತಂಡ 1990ರ ದಶಕದಲ್ಲಿ ಕಾಂಡಕೊರಕ ಹುಳುವನ್ನು ಓಡಿಸಲು ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಬೆಳೆಯನ್ನು ಹಾಕಿಸಿತು. ಹುಳುವೂ ಕಡಿಮೆಯಾಯಿತು, ಯಾರೂ ನಿರೀಕ್ಷಿಸದೆ ಸ್ಟ್ರೈಗಾವೂ ಕಡಿಮೆಯಾಯಿತು. ಡೆಸ್ಮೋಡಿಯಮ್ಮಿನ ಬೇರು ಕಳೆಯ ಬೀಜವನ್ನು ಎಬ್ಬಿಸುವ ರಸವನ್ನೂ, ಎದ್ದ ಮೊಳಕೆ ಮೆಕ್ಕೆಜೋಳಕ್ಕೆ ಅಂಟದಂತೆ ತಡೆಯುವ ರಸವನ್ನೂ ಜೊತೆಜೊತೆಗೆ ಸೂಸುತ್ತದೆಂದು ಆಮೇಲೆ ತಿಳಿಯಿತು. ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸಿ ನೆಲದ ಹಸಿವನ್ನು ಅಷ್ಟಿಷ್ಟು ನೀಗಿಸುವುದು ಅದರ ಇನ್ನೊಂದು ಉಪಕಾರ, ಕೊಯ್ದ ಸೊಪ್ಪು ಹಸುವಿಗೆ ಮೇವು. ಆದರೆ ಬಿಸಿಲೇರಿ ಮಳೆ ಕಡಿಮೆಯಾದ ಸೀಮೆಗಳಲ್ಲಿ ಮೊದಲು ಆರಿಸಿದ್ದ ಬಗೆ ಬಾಡತೊಡಗಿದಾಗ, ಬರ ತಾಳುವ ಬೇರೆ ಬಗೆಯ ಡೆಸ್ಮೋಡಿಯಮನ್ನು ತರಬೇಕಾಯಿತು.

ಧಾನ್ಯದ ಸಾಲಿನ ನಡುವೆ ದ್ವಿದಳ ಬಿತ್ತುವುದು ಕರ್ನಾಟಕದ ರೈತನಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅಕ್ಕಡಿ ಸಾಲು ಎಂಬ ಹೆಸರಿನಲ್ಲಿ ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳುಗಳು ರಾಗಿ ಜೋಳಗಳ ಜೊತೆಗೆ ತಲೆಮಾರುಗಳಿಂದ ಬೆಳೆದಿವೆ. ಆ ಸಾಲುಗಳು ಹೋಗಿ ಒಂದೇ ಬೆಳೆ ನಿಂತಲ್ಲಿ, ಅದರಲ್ಲೂ ಒಮ್ಮೆ ನೆಟ್ಟ ಕಬ್ಬನ್ನು ಕಡಿದ ಮೇಲೆ ಅದೇ ಬುಡದಿಂದ ಕೂಳೆ ಬೆಳೆ ತೆಗೆಯುತ್ತ ವರ್ಷಗಟ್ಟಲೆ ಮುಂದುವರಿಸುವ ಹೊಲದಲ್ಲಿ, ಸ್ಟ್ರೈಗಾದ ಬೀಜಕ್ಕೆ ಬೇಕಾದ ಬೇರು ಎಂದೂ ತಪ್ಪುವುದಿಲ್ಲ. ಹೂ ಬಿಡುವ ಮೊದಲು ಕಿತ್ತು ಹಾಕದಿದ್ದರೆ ಪ್ರತಿ ಹಂಗಾಮೂ ಭಂಡಾರಕ್ಕೆ ಹೊಸ ಜಮೆಯಾಗುತ್ತದೆ. ಕಬ್ಬಿಗೆ ಬದಲಾಗಿ ಒಂದೆರಡು ಹಂಗಾಮು ಹತ್ತಿಯನ್ನೋ ದ್ವಿದಳವನ್ನೋ ಹಾಕಬೇಕೆಂಬ ಸಲಹೆಯ ಹಿಂದೆ 1966ರ ಆ ಹತ್ತಿಯ ಬೇರಿನ ರಸವೇ ಇದೆ.

ಬೆಳೆಯಲ್ಲದ ಕಾಡಿನಲ್ಲೂ ಇದೇ ನ್ಯಾಯ ನಡೆಯುತ್ತದೆಯೆಂಬುದನ್ನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಣಬಹುದು. ಅಲ್ಲಿನ ನೆಲ್ಲಿಮರಗಳ ಮೇಲೆ ಬೆಳೆಯುವ ಬಂದಳಿಕೆಯನ್ನು ಬೆಟ್ಟದ ಆದಿವಾಸಿಗಳಾದ ಸೋಲಿಗರು ಉಪ್ಪಿಲು ಎನ್ನುತ್ತಾರೆ. ಬಂದಳಿಕೆಗೆ ಬದನಿಕೆ ಎಂಬ ಹೆಸರೂ ಇದೆ, ಅದರ ಹಣ್ಣು ತಿಂದು ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುವ ಪುಟ್ಟ ಹಕ್ಕಿಯನ್ನೂ ಕನ್ನಡ ಅದೇ ಹೆಸರಿನಿಂದ ಕರೆದಿದೆ. ಗಿಡ ಮತ್ತು ಹಕ್ಕಿಯ ನಂಟನ್ನು ಒಂದೇ ಮಾತಿನಲ್ಲಿ ಹಿಡಿದ ಈ ನುಡಿಯ ಕಣ್ಣು ದೊಡ್ಡದು. ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ, ಉದುರಿದೆಲೆಗಳು ಮಾತ್ರ ಸುಡುವಂತೆ, ತರಗು ಬೆಂಕಿ ಎಂಬ ಸಣ್ಣ ಬೆಂಕಿಯನ್ನು ಹಾಯಿಸುತ್ತಿದ್ದರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಆ ರೂಢಿ ನಿಂತಿತು. ಬೆಂಕಿ ನಿಂತದ್ದರಿಂದಲೇ ಉಪ್ಪಿಲು ಮಿತಿಮೀರಿತು, ಲಂಟಾನ ಪೊದೆ ಕಾಡನ್ನು ತುಂಬಿತು ಎಂಬುದು ಸೋಲಿಗರ ತಿಳಿವಳಿಕೆ. ಸಂಶೋಧಕರು ಅದನ್ನು ದಾಖಲಿಸಿದ್ದಾರೆ, ನೆಲ್ಲಿಯ ಇಳಿಮುಖಕ್ಕೆ ಹಣ್ಣು ಕೊಯ್ಯುವುದಕ್ಕಿಂತ ಬಂದಳಿಕೆ, ಲಂಟಾನಗಳ ಹೊರೆಯೇ ದೊಡ್ಡದೆಂದು ಕಂಡುಕೊಂಡಿದ್ದಾರೆ. ಆದರೆ ನಿಷೇಧ ಬಿದ್ದದ್ದು ಮಾರಾಟಕ್ಕಾಗಿ ನೆಲ್ಲಿ ಕೊಯ್ಯುವುದರ ಮೇಲೆ. ಹಣ್ಣಿಗೆಂದು ಮರ ಹತ್ತಿದ ಕೈಗಳೇ ಉಪ್ಪಿಲು ಹಿಡಿದ ಕೊಂಬೆಯನ್ನು ಕಡಿದು ಕೆಳಗೆ ಹಾಕಬಲ್ಲವು ಎಂಬುದನ್ನು ಆ ಆದೇಶ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2011ರಲ್ಲಿ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಗಳು ದೊರೆತು ಕಿರು ಉತ್ಪನ್ನಗಳ ಸಂಗ್ರಹಕ್ಕೆ ಮಾನ್ಯತೆ ಬಂತು. ತರಗು ಬೆಂಕಿಗೆ ಮಾತ್ರ ಆಗಲೂ ಅನುಮತಿ ಸಿಗಲಿಲ್ಲ.